ಎರಡು ನೆನಪು ಕಲಸಿದರೆ ಅದು ಕಾಯಿಲೆಯೇ?

ಬಾಗಲಕೋಟೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ‘ವರ್ಷಾ ವರ್ಷಾ ಶಾಲೆ ಮಕ್ಕಳನ್ನು ಪಟ್ಟದಕಲ್ಲಿಗೆ ಕರಕೊಂಡು ಹೋಗುತ್ತಿದ್ದೆ. ಈಗ ಆ ಪ್ರವಾಸಗಳೆಲ್ಲ ಒಂದರೊಳಗೊಂದು ಕಲಸಿಹೋಗಿವೆ. ಮಂಟಪದಲ್ಲಿ ದೊಡ್ಡ ನಂದಿಯ ಮುಂದೆ ಮಕ್ಕಳನ್ನು ಕೂಡಿಸಿ ಫೋಟೊ ತೆಗೆಸಿದ್ದು ಮಲ್ಲಿಕಾರ್ಜುನ ಗುಡಿಯಲ್ಲಿ ಅಂತ ನಾನು, ವಿರೂಪಾಕ್ಷ ಗುಡಿಯಲ್ಲಿ ಅಂತ ನನ್ನ ಗೆಳತಿ. ನನಗೆ ಮರೆವಿನ ಕಾಯಿಲೆ ಶುರುವಾಯಿತೇ?’

ಅಕ್ಕಾವ್ರೇ, ಇಷ್ಟಕ್ಕೇ ಗಾಬರಿಯಾಗಬೇಡಿ. ಮರೆಯುವುದು ಬೇರೆ, ಅದಲುಬದಲಾಗುವುದು ಬೇರೆ. ಅದೂ ಆ ಎರಡು ಗುಡಿಗಳು! ಎಂಟನೇ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯನ ಇಬ್ಬರು ರಾಣಿಯರು, ಅವರೂ ಅಕ್ಕತಂಗಿಯರೇ, ಕಂಚಿಯ ಗೆಲುವಿನ ನೆನಪಿಗೆ ಅಕ್ಕಪಕ್ಕದಲ್ಲಿ, ಹೆಚ್ಚುಕಡಿಮೆ ಒಂದೇ ನಕ್ಷೆಯಲ್ಲಿ ಕಟ್ಟಿಸಿದವು.

ಇಂಥ ಜೋಡಿಗಳನ್ನು ಬೇರ್ಪಡಿಸಿ ಇಡುವುದರಲ್ಲಿ ಮಿದುಳಿನ ಹಿಪೊಕ್ಯಾಂಪಸ್‌ನ ಪಾತ್ರ ದೊಡ್ಡದು. ಅದಕ್ಕೆ ಬರುವ ಸುದ್ದಿ ಬಹುಪಾಲು ಮೊದಲು ಮುಟ್ಟುವುದು ಡೆಂಟೇಟ್ ಗೈರಸ್ ಎಂಬ ಭಾಗವನ್ನು. ಅಲ್ಲಿ ಕೋಶಗಳು ಲಕ್ಷಗಟ್ಟಲೆ ಇದ್ದರೂ ಒಂದು ಸಲಕ್ಕೆ ಎಚ್ಚರಗೊಳ್ಳುವುದು ತೀರ ಕೆಲವು. ಹಾಗಾಗಿ ಒಂದನ್ನೊಂದು ಹೋಲುವ ಎರಡು ನೋಟಗಳು ಬಂದರೂ ಬೇರೆಬೇರೆ ಕೋಶಗಳ ಪಾಲಾಗುತ್ತವೆ. ಮುಂದಿನದು ಸಿಎ3. ಅದರ ಸ್ವಭಾವ ತದ್ವಿರುದ್ಧ. ಅಲ್ಲಿನ ಕೋಶಗಳು ತಮ್ಮತಮ್ಮಲ್ಲೇ ಹೆಣೆದುಕೊಂಡಿವೆ. ಒಂದು ತುಣುಕು ಸಿಕ್ಕರೆ ಸಾಕು, ಇಡೀ ಘಟನೆಯನ್ನೇ ಎಳೆದು ತರುತ್ತವೆ. ಡೇವಿಡ್ ಮಾರ್ ಎಂಬ ವಿಜ್ಞಾನಿ 1971ರಲ್ಲೇ ಇಂಥದ್ದೊಂದು ಸಿದ್ಧಾಂತ ಮುಂದಿಟ್ಟಿದ್ದರು. ತೊಂದರೆ ಇರುವುದೂ ಇಲ್ಲೇ: ವರ್ಷಾ ವರ್ಷಾ ಅದೇ ಬಸ್ಸು, ಅದೇ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ. ಆ ಬುತ್ತಿ ನೆನಪಾದರೆ ಯಾವ ವರ್ಷದ ಪ್ರವಾಸ ಎದ್ದು ಬರಬೇಕು ಹೇಳಿ!

ವಯಸ್ಸಾದಂತೆ ಬೇರ್ಪಡಿಸುವ ಕೆಲಸ ಸಡಿಲಾಗುತ್ತದೆ. ಪ್ರಯೋಗಗಳಲ್ಲಿ ಒಂದು ವಸ್ತುವಿನ ಚಿತ್ರ ತೋರಿಸಿ, ಆಮೇಲೆ ಅದನ್ನೇ ಹೋಲುವ ಇನ್ನೊಂದನ್ನು ಮುಂದಿಟ್ಟರೆ, ಆರೋಗ್ಯವಂತ ಹಿರಿಯರೂ ‘ಇದನ್ನೇ ನೋಡಿದ್ದೆ’ ಎನ್ನುವುದು ಕಿರಿಯರಿಗಿಂತ ಜಾಸ್ತಿ. ಮೊದಲು ನೋಡಿದ್ದ ಚಿತ್ರವನ್ನು ಗುರುತಿಸುವುದರಲ್ಲಿ ಮಾತ್ರ ಅವರು ಅಷ್ಟೇನೂ ಹಿಂದೆ ಬೀಳುವುದಿಲ್ಲ. ನಿಮ್ಮದೂ ಈ ಬಗೆಯದೇ ಅನ್ನಿಸುತ್ತದೆ. ಪಟ್ಟದಕಲ್ಲಿಗೆ ಹೋಗಿದ್ದೇ ಮರೆತರೆ, ಸಂತೆಯಿಂದ ಮನೆಗೆ ದಾರಿ ತಪ್ಪಿದರೆ, ಕೇಳಿದ್ದನ್ನೇ ಮತ್ತೆಮತ್ತೆ ಕೇಳತೊಡಗಿದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಿ. ಅದನ್ನು ಪತ್ರಿಕೆಯವರು ಪತ್ರ ಓದಿ ತೀರ್ಮಾನಿಸಲಾಗದು.

ಇನ್ನು ಫೋಟೊ ಜಗಳ. ಮಲ್ಲಿಕಾರ್ಜುನ ಗುಡಿಯ ನಂದಿಮಂಟಪ ಪಾಳುಬಿದ್ದಿದೆ. ಮಂಟಪ ಇಡಿಯಾಗಿದ್ದು ದೊಡ್ಡ ನಂದಿ ಕೂತಿರುವುದು, ಇವತ್ತಿಗೂ ಪೂಜೆ ನಡೆಯುತ್ತಿರುವ ವಿರೂಪಾಕ್ಷನ ಮುಂದೆ. ಈ ಸಲ ನಿಮ್ಮ ಗೆಳತಿಯೇ ಗೆದ್ದರು.

– ಸಂ.