ಟ್ಯಾಕ್ಸಿವೇಯನ್ನು ರನ್‌ವೇ ಎಂದು ಪೈಲಟ್‌ಗಳು ತಪ್ಪು ತಿಳಿಯುವುದು ಹೇಗೆ?

ಮೈಸೂರಿನ ಮಂಡಕಳ್ಳಿ ನಿಲ್ದಾಣದಲ್ಲಿರುವುದು ಒಂದೇ ರನ್‌ವೇ; ಅದನ್ನು ನೋಡಿದವರಿಗೆ ಇಂಥ ಗೊಂದಲ ಸಾಧ್ಯವೇ ಎನಿಸುವುದು ಸಹಜ. ತೊಂದರೆ ಹೆಚ್ಚಾಗಿ ಕಾಡುವುದು ರನ್‌ವೇಗಳೂ ಟ್ಯಾಕ್ಸಿವೇಗಳೂ (ವಿಮಾನಗಳು ರನ್‌ವೇಗೆ ಹೋಗಿಬರಲು ನೆಲದ ಮೇಲೆ ಸಾಗುವ ದಾರಿಗಳು) ಅಕ್ಕಪಕ್ಕದಲ್ಲೇ ಉದ್ದಕ್ಕೆ ಸಾಗುವ ದೊಡ್ಡ ನಿಲ್ದಾಣಗಳಲ್ಲಿ, ಅದೂ ರಾತ್ರಿ ಹೊತ್ತು.

2017ರ ಜುಲೈ 7ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದದ್ದನ್ನೇ ನೋಡಿ. ಜೋಡಿ ರನ್‌ವೇಗಳಲ್ಲಿ ಎಡಗಡೆಯದನ್ನು ಕಾಮಗಾರಿಗಾಗಿ ಮುಚ್ಚಿ ದೀಪ ಆರಿಸಲಾಗಿತ್ತು. ಏರ್ ಕೆನಡಾ ಪೈಲಟ್‌ಗಳ ಮನಸ್ಸಿನಲ್ಲಿದ್ದುದು ಎರಡು ರನ್‌ವೇಗಳ ಚಿತ್ರ. ಹಾಗಾಗಿ ಬೆಳಗುತ್ತಿದ್ದ ಬಲ ರನ್‌ವೇಯನ್ನೇ ಎಡಗಡೆಯದೆಂದು ಭಾವಿಸಿ, ಅದರ ಬಲಕ್ಕಿದ್ದ ಟ್ಯಾಕ್ಸಿವೇಯತ್ತ ಇಳಿಯತೊಡಗಿದರು. ಅಲ್ಲಿ ನಾಲ್ಕು ವಿಮಾನಗಳು ಹೊರಡಲು ಕಾದಿದ್ದವು! ರನ್‌ವೇ ಮೇಲೆ ದೀಪಗಳು ಕಾಣುತ್ತಿವೆಯಲ್ಲ ಎಂದು ಅವರು ವಿಚಾರಿಸಿದಾಗ, ರನ್‌ವೇ ಖಾಲಿಯಿದೆ ಎಂಬ ಉತ್ತರ ಟವರ್‌ನಿಂದ ಬಂತು. ಅದೂ ನಿಜವೇ: ಖಾಲಿಯಿದ್ದುದು ನಿಜವಾದ ರನ್‌ವೇ, ಅವರಿಗೆ ಕಂಡದ್ದು ಟ್ಯಾಕ್ಸಿವೇಯಲ್ಲಿ ಕಾದಿದ್ದ ವಿಮಾನಗಳ ದೀಪ. ವಿಮಾನ ನೆಲದಿಂದ ಸುಮಾರು 60 ಅಡಿಯವರೆಗೆ ಇಳಿದು ಮತ್ತೆ ಮೇಲೇರಿತು.

ರನ್‌ವೇ ಅಂಚಿನ ದೀಪ ಬಿಳಿ, ಟ್ಯಾಕ್ಸಿವೇ ಅಂಚಿನದು ನೀಲಿ, ಟ್ಯಾಕ್ಸಿವೇಯ ನಡುಗೆರೆಯದು ಹಸಿರು. ಬಣ್ಣ ಬೇರೆಯಿದ್ದರೂ ದಣಿದ ಕಣ್ಣು ತಾನು ನಿರೀಕ್ಷಿಸಿದ್ದನ್ನೇ ಕಾಣುತ್ತದೆ. ಆದ್ದರಿಂದ ಆಕಾಶ ಎಷ್ಟೇ ತಿಳಿಯಾಗಿದ್ದರೂ ರನ್‌ವೇಗೆ ನೇರವಾಗಿ ಇಳಿಯುವ ದಾರಿ ತೋರಿಸುವ ಐಎಲ್‌ಎಸ್ ರೇಡಿಯೊ ಸಂಕೇತದೊಂದಿಗೆ ತಾಳೆ ನೋಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ರಾತ್ರಿ ಅದರ ಫ್ರೀಕ್ವೆನ್ಸಿಯನ್ನು ಹೊಂದಿಸಿರಲಿಲ್ಲ.