ಎದುರಿನ ಕಾರಿನ ರೇಡಾರ್ ನಮ್ಮ ಕಾರಿನ ರೇಡಾರ್‌ಗೆ ಅಡ್ಡ ಬರುತ್ತಾ?

ಮಂಜು ಮುಸುಕಿದ ಬೆಳಿಗ್ಗೆ ಬಾಗೇಪಲ್ಲಿಯಿಂದ ಚಿಕ್ಕಬಳ್ಳಾಪುರಕ್ಕೆ ಬರುವಾಗ ಸುತ್ತಲೂ ರೇಡಾರ್ (ಮುಂದಿರುವುದನ್ನು ರೇಡಿಯೋ ಅಲೆಯಿಂದ ಗುರುತಿಸಿ, ಬೇಕಾದರೆ ಕಾರು ತಾನೇ ಬ್ರೇಕ್ ಹಾಕುವಂತೆ ಮಾಡುವ ಸಾಧನ) ಇರುವ ಕಾರುಗಳೇ ಇದ್ದರೆ, ಇಲ್ಲದ ಗಾಡಿ ಕಂಡು ಬ್ರೇಕ್ ಬೀಳಲ್ವಾ ಅಂತ ಕೇಳಿದ್ದೀರಿ. ಈ ಸಿಗ್ನಲ್‌ಗಳನ್ನು ನೋಡುವುದೇ ನನ್ನ ಕೆಲಸ. ಹಾಗಾಗುವುದು ಅಪರೂಪ. ನನಗೆ ಜಾಸ್ತಿ ಭಯ ಇರುವುದು, ಮುಂದೆ ನಿಜವಾಗಿ ಹೋಗುತ್ತಿರುವ ಬೈಕ್ ಕಾಣದೆ ಹೋಗುವುದರ ಬಗ್ಗೆ.

ಮಂಜಿನ ಚಿಂತೆ ಬೇಡ. ಈ ರೇಡಾರ್‌ಗಳು 76ರಿಂದ 81 ಗಿಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ಅಲೆಯ ಉದ್ದ ಸುಮಾರು 4 ಮಿಲಿಮೀಟರ್. ಮಂಜಿನ ಹನಿ ಅದರ ಮುಂದೆ ಏನೇನೂ ಅಲ್ಲ.

ರೇಡಾರ್ ಕಳಿಸುವ ಸಿಗ್ನಲ್‌ನ ಫ್ರೀಕ್ವೆನ್ಸಿ ಒಂದೇ ಸಮ ಏರುತ್ತಾ ಹೋಗುತ್ತದೆ. ಇದಕ್ಕೆ ಚಿರ್ಪ್ ಅಂತೀವಿ. 30 ಮೈಕ್ರೋಸೆಕೆಂಡಿನಲ್ಲಿ 300 ಮೆಗಾಹರ್ಟ್ಸ್ ಏರುತ್ತದೆ ಅಂತಿಟ್ಟುಕೊಳ್ಳಿ. 60 ಮೀಟರ್ ಮುಂದಿರುವ ಲಾರಿಗೆ ಬಡಿದು ವಾಪಸ್ ಬರಲು 0.4 ಮೈಕ್ರೋಸೆಕೆಂಡ್ ಬೇಕು. ಅಷ್ಟರಲ್ಲಿ ನಾವು ಕಳಿಸುತ್ತಿರುವುದು 4 ಮೆಗಾಹರ್ಟ್ಸ್ ಮೇಲೇರಿರುತ್ತದೆ. ಈ ವ್ಯತ್ಯಾಸ ಅಳೆದರೆ ದೂರ ಸಿಕ್ಕಿತು. ಒಂದರ ಹಿಂದೊಂದು ಬರುವ ಚಿರ್ಪ್‌ಗಳಲ್ಲಿ ಫೇಸ್ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಅನ್ನುವುದು) ಬದಲಾಗುವುದರಿಂದ ವೇಗ, ಹಲವು ಆಂಟೆನಾಗಳಿಂದ ದಿಕ್ಕು ತಿಳಿಯುತ್ತದೆ.

ಎದುರಿನ ಕಾರಿನ ಚಿರ್ಪ್ ಏರುವ ವೇಗ, ಶುರುವಾಗುವ ಗಳಿಗೆ ಎರಡೂ ನಮ್ಮದಕ್ಕೆ ಹೊಂದಿಕೊಂಡರೆ ಮಾತ್ರ ಸುಳ್ಳು ಗಾಡಿ ಕಾಣುತ್ತದೆ. ಸಾಮಾನ್ಯವಾಗಿ ಅದು ನಮ್ಮದನ್ನು ಒಂದು ಕ್ಷಣ ಅಡ್ಡ ಹಾಯ್ದು ಹೋಗುತ್ತದೆ. ಸಿಗ್ನಲ್ ನೋಡುವ ನನ್ನ ಸ್ಕ್ರೀನ್ ಮೇಲೆ ನಯವಾಗಿ ಹೋಗುತ್ತಿದ್ದ ಗೆರೆಯ ನಡುವೆ ಕೆಲವೇ ಸ್ಯಾಂಪಲ್‌ಗಳಷ್ಟು (ಸಿಗ್ನಲ್‌ನ ಬಿಡಿ ಬಿಡಿ ಅಳತೆಗಳಷ್ಟು) ಚೂಪು ಚೂಪು ಗಲಾಟೆ ಕಾಣುತ್ತದೆ, ಅಷ್ಟೇ. ಆದರೆ ದೂರ ಲೆಕ್ಕ ಹಾಕಲು ಎಫ್‌ಎಫ್‌ಟಿ (ಸಿಗ್ನಲ್‌ನಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಇದೆ ಅಂತ ಬಿಡಿಸುವ ಲೆಕ್ಕ) ಮಾಡಿದ ಕೂಡಲೇ ಆ ಗಲಾಟೆ ಎಲ್ಲಾ ದೂರಗಳಿಗೂ ಹರಡಿಕೊಳ್ಳುತ್ತದೆ. ಲಾರಿ ಆಗಲೂ ಕಾಣುತ್ತದೆ. ಬೈಕಿನವರು, ನಡೆದು ಹೋಗುವವರು ಅದರಲ್ಲಿ ಮುಳುಗಿಬಿಡುತ್ತಾರೆ. ಮೇಲಾಗಿ ನಮ್ಮ ಸಿಗ್ನಲ್ ಹೋಗಿ ಬರಬೇಕು, ಎದುರಿನವರದು ಬಂದರೆ ಸಾಕು. ದೂರ ಎರಡು ಪಟ್ಟಾದರೆ ನಮಗೆ ವಾಪಸ್ ಬರುವ ಶಕ್ತಿ 16ರಲ್ಲಿ ಒಂದು ಪಾಲು, ಅವರದು 4ರಲ್ಲಿ ಒಂದು ಪಾಲು. ಅದಕ್ಕೇ ದೂರದ ಕಾರೂ ಕಾಟ ಕೊಡುತ್ತದೆ.

ಇದಕ್ಕೆ ಮದ್ದು ಇದೆ. ಕೆಟ್ಟ ಸ್ಯಾಂಪಲ್‌ಗಳನ್ನು ಗುರುತಿಸಿ ತೆಗೆದು, ಅಕ್ಕಪಕ್ಕದವನ್ನು ನೋಡಿ ಆ ಜಾಗ ತುಂಬಿಸುತ್ತಾರೆ. ಸುಮ್ನೆ ಸೊನ್ನೆ ಹಾಕಿಬಿಡುವುದು ಸುಲಭ, ಆದರೆ ಗೆರೆ ಅಲ್ಲಿ ಕಡಿದು ಹೊಸ ತೊಂದರೆ ಶುರುವಾಗುತ್ತದೆ. ಚಿರ್ಪ್ ಶುರುವಾಗುವ ಸಮಯವನ್ನೂ ಪ್ರತಿ ಸಲ ಚೂರು ಹಿಂದೆ ಮುಂದೆ ಮಾಡುತ್ತಾರೆ. ಆಗ ಸುಳ್ಳು ಗಾಡಿ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ. ನನಗೆ ತುಂಬಾ ಇಷ್ಟವಾಗುವುದು 45 ಡಿಗ್ರಿ ಉಪಾಯ. ಎಲ್ಲರೂ ಅಲೆ ಕಂಪಿಸುವ ದಿಕ್ಕನ್ನು ಒಂದೇ ಕಡೆಗೆ 45 ಡಿಗ್ರಿ ಓರೆ ಮಾಡಿ ಕಳಿಸಿದರೆ, ಎದುರುಬದುರಾದಾಗ ಅವರ ಅಲೆ ನಮ್ಮದಕ್ಕೆ ಸರಿಯಾಗಿ ಅಡ್ಡವಾಗಿರುತ್ತದೆ. ನಮ್ಮ ಆಂಟೆನಾ ಅದನ್ನು ಬಹುಪಾಲು ಹಿಡಿಯುವುದೇ ಇಲ್ಲ.

ಕಬ್ಬಿಣದ ಬಂಪರ್ ಗಾರ್ಡ್ ಹಾಕಿಸಬಹುದಾ ಅಂತಲೂ ಕೇಳಿದ್ದೀರಿ. ದಯವಿಟ್ಟು ಬೇಡ. ರೇಡಾರ್ ಮುಂದೆ ಕಬ್ಬಿಣ ನಿಂತರೆ ಮೇಲೆ ಹೇಳಿದ ಯಾವ ಉಪಾಯವೂ ನಡೆಯಲ್ಲ.