ಹಳೆಯ ಡಿಎಸ್‌ಎಲ್‌ಆರ್ ಕೊಟ್ಟುಬಿಡಬೇಕೇ?

ಪ್ರಶ್ನೆ: 2011ರಲ್ಲಿ ಕೊಂಡ ನಿಕಾನ್ ಡಿ7000 ಕ್ಯಾಮೆರಾ ಇಂದಿಗೂ ನನ್ನ ಬಳಿ ಇದೆ. ಅದರೊಂದಿಗೆ ಬಂದ 18–105 ಲೆನ್ಸ್ ಹಾಗೂ ಆಮೇಲೆ ಕೊಂಡ 50 ಎಂ.ಎಂ. ಎಫ್/1.8 ಡಿ ಲೆನ್ಸ್ ಇವೆ. ಕಲಬುರಗಿ ಕೋಟೆ, ಶರಣಬಸವೇಶ್ವರ ಜಾತ್ರೆ, ಚಳಿಗಾಲದಲ್ಲಿ ಬೋನಾಳ ಕೆರೆಯ ಹಕ್ಕಿಗಳು ನನ್ನ ನೆಚ್ಚಿನ ವಿಷಯಗಳು. ಈಚೆಗೆ ಹಿಡಿಕೆಯ ರಬ್ಬರು ಬಿಟ್ಟುಕೊಳ್ಳುತ್ತಿದೆ. ಆಕಾಶವಿರುವ ಚಿತ್ರಗಳಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತಿವೆ. ಎಕ್ಸ್‌ಚೇಂಜ್‌ಗೆ ಕೊಟ್ಟು ಮಿರರ್‌ಲೆಸ್ (ಡಿಎಸ್‌ಎಲ್‌ಆರ್‌ನಂತೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ತೆಗೆದುಕೊಳ್ಳಿ ಎಂದು ಸ್ನೇಹಿತರು ಹೇಳುತ್ತಾರೆ. ಏನು ಮಾಡಲಿ? – ಓದುಗರು, ಕಲಬುರಗಿ

ಉತ್ತರ: ಕೊಡಬೇಡಿ. ನೀವು ಹೇಳಿರುವ ಎರಡು ತೊಂದರೆಗಳಲ್ಲಿ ಒಂದೂ ಕ್ಯಾಮೆರಾದ ಆಯುಷ್ಯ ಮುಗಿಯಿತೆಂಬುದರ ಲಕ್ಷಣವಲ್ಲ. ಬೇಸಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನ ಬಿಸಿಲಿಗೂ ಅಂಗೈಯ ಬೆವರಿಗೂ ರಬ್ಬರು ಹಿಗ್ಗಿ ಅದರ ಅಂಟು ಸಡಿಲಗೊಳ್ಳುತ್ತದೆ; ಹೊಸ ರಬ್ಬರು ಸಿಕ್ಕಿದರೆ ಹಳೆಯದನ್ನು ಕಿತ್ತು, ಅಂಟನ್ನು ಪೂರ್ತಿ ಒರೆಸಿ, ಅದನ್ನು ಕೂಡಿಸಿದರೆ ಸಾಕು. ನಿಲ್ಲಿಸಿದ ಕಾರಿನೊಳಗೆ ಕ್ಯಾಮೆರಾ ಬಿಟ್ಟು ಹೋಗುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿ.

ಚುಕ್ಕೆಗಳು ಬಹುಮಟ್ಟಿಗೆ, ಕ್ಯಾಮೆರಾದೊಳಗೆ ಬಿಂಬ ಮೂಡುವ ಸೆನ್ಸರಿನ ಮೇಲೆ ಕೂತ ಧೂಳು. ಮೋಡವಿಲ್ಲದ ಆಕಾಶವನ್ನು ಎಫ್/16ರಲ್ಲಿ (ಲೆನ್ಸಿನ ದ್ವಾರ ಕಿರಿದಾಗಿಸಿ) ಒಮ್ಮೆ ತೆಗೆದು, ಅದೇ ಆಕಾಶವನ್ನು ಎಫ್/4ರಲ್ಲಿ (ದ್ವಾರ ಅಗಲವಾಗಿಸಿ) ಇನ್ನೊಮ್ಮೆ ತೆಗೆದು ನೋಡಿ. ಮೊದಲನೆಯದರಲ್ಲಿ ಎದ್ದು ಕಾಣುವ ಚುಕ್ಕೆ ಎರಡನೆಯದರಲ್ಲಿ ಮಸುಕಾಗಿ ಕರಗಿದ್ದರೆ ಅದು ಧೂಳೇ. ಸೆನ್ಸರಿನ ಮೇಲೆ ಬಿಂಬ ತಲೆಕೆಳಗಾಗಿ ಮೂಡುವುದರಿಂದ ಚಿತ್ರದ ಮೇಲ್ತುದಿಯ ಚುಕ್ಕೆಗೆ ಕಾರಣವಾದ ಕಣ ಸೆನ್ಸರಿನ ಕೆಳತುದಿಯಲ್ಲಿರುತ್ತದೆ ಎಂಬುದನ್ನು ನೆನಪಿಡಿ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಲೆನ್ಸ್ ಕಳಚಿ, ಮೆನುವಿನಲ್ಲಿ ಕನ್ನಡಿಯನ್ನು ಮೇಲೆತ್ತಿ ನಿಲ್ಲಿಸಿ, ಕ್ಯಾಮೆರಾವನ್ನು ಬಾಯಿ ಕೆಳಗಾಗಿ ಹಿಡಿದು ರಬ್ಬರ್ ಬ್ಲೋವರಿನಿಂದ ಗಾಳಿ ಊದಿ. ಬಾಯಿಂದ ಮಾತ್ರ ಎಂದೂ ಊದಬೇಡಿ, ಎಂಜಲಿನ ಹನಿ ಧೂಳಿಗಿಂತ ಕೆಟ್ಟದ್ದು. ಇದಕ್ಕೂ ಹೋಗದ ಚುಕ್ಕೆ ಎಣ್ಣೆಯದಾಗಿರಬಹುದು. ಅದನ್ನು ಕೈಪಳಗಿದವರಿಂದ ಸ್ವಾಬ್ (ಸೆನ್ಸರ್ ಒರೆಸುವ ಮೆತ್ತನೆಯ ಕಡ್ಡಿ) ಬಳಸಿ ತೆಗೆಸಿ.

ನಿಮ್ಮ ನಿರ್ಧಾರಕ್ಕೆ ಮುಖ್ಯವಾದ ವಿಷಯ ನಿಮ್ಮ 50 ಎಂ.ಎಂ. ಲೆನ್ಸಿನಲ್ಲಿದೆ. 'ಡಿ' ಸರಣಿಯ ಆ ಲೆನ್ಸಿಗೆ ಸ್ವಂತ ಫೋಕಸ್ ಮೋಟಾರು ಇಲ್ಲ. ಡಿ7000 ಒಡಲಿನಲ್ಲಿರುವ ಮೋಟಾರು, ಲೆನ್ಸ್ ಕೂರುವ ಬಳೆಯಾದ ಮೌಂಟಿನ ಅಂಚಿನಿಂದ ಹೊರಚಾಚಿದ ಪುಟ್ಟ ಕಡ್ಡಿಯ ಮೂಲಕ ಅದನ್ನು ತಿರುಗಿಸುತ್ತದೆ. 2018ರಲ್ಲಿ ಆರಂಭವಾದ ಝಡ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳಿಗೆ ಡಿಎಸ್‌ಎಲ್‌ಆರ್ ಲೆನ್ಸ್ ಕೂರಿಸಲು ನಿಕಾನ್ ಕೊಡುವ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಆ ಮೋಟಾರು ಇಲ್ಲವಾದ್ದರಿಂದ, ಲೆನ್ಸ್ ಕೂರುತ್ತದೆ, ಚಿತ್ರವೂ ಬರುತ್ತದೆ, ಆದರೆ ಫೋಕಸನ್ನು ಕೈಯಿಂದಲೇ ಮಾಡಬೇಕಾಗುತ್ತದೆ. ಎಎಫ್‌-ಎಸ್ ಲೆನ್ಸುಗಳೊಳಗೇ ಫೋಕಸ್ ಮೋಟಾರು ಇರುವುದರಿಂದ ಅವಕ್ಕೆ ಈ ತೊಡಕಿಲ್ಲ. ಹಾಗಾಗಿ ಇನ್ನು ಮುಂದೆ ಎಫ್ ಮೌಂಟಿನ (ನಿಕಾನ್ ಡಿಎಸ್‌ಎಲ್‌ಆರ್‌ಗಳಿಗೆ ಹೊಂದುವ) ಲೆನ್ಸ್ ಕೊಳ್ಳುವುದಾದರೆ ಎಎಫ್‌-ಎಸ್ ಲೆನ್ಸನ್ನೇ ಕೊಳ್ಳಿ. ಎಂದಾದರೂ ಮಿರರ್‌ಲೆಸ್‌ಗೆ ಹೋದರೆ ಅದು ನಿಮ್ಮೊಂದಿಗೆ ಬರುತ್ತದೆ.

ಹೊಸ ಕ್ಯಾಮೆರಾಗಳ ಹೆಚ್ಚುಗಾರಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಕಣ್ಣನ್ನು ಗುರುತಿಸಿ ಫೋಕಸ್ ಮಾಡುವ ಸೌಲಭ್ಯ, ಸದ್ದೇ ಇಲ್ಲದ ಶಟರ್, ವಿಡಿಯೊ ಇವುಗಳಲ್ಲಿ ಡಿ7000 ಹಿಂದುಳಿದಿದೆ, ಮತ್ತು ಮದುವೆ ಚಿತ್ರಗಳೇ ನಿಮ್ಮ ಜೀವನೋಪಾಯವಾಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು. ಆದರೆ ನಿಮ್ಮ ವಿಷಯಗಳನ್ನೇ ನೋಡಿ. ಕೋಟೆಯೊಳಗಿನ 1367ರ ಜಾಮಿಯಾ ಮಸೀದಿಗೆ ತೆರೆದ ಅಂಗಳವಿಲ್ಲ. ಚಾವಣಿಯಡಿಯ ಕಮಾನುಸಾಲುಗಳಿಗೆ ಬೆಳಕು ಪಕ್ಕದಿಂದ ಬರುವುದರಿಂದ ಒಂದೇ ಚೌಕಟ್ಟಿನಲ್ಲಿ ಕಣ್ಣು ಕುಕ್ಕುವ ಬಿಸಿಲೂ ಗಾಢ ನೆರಳೂ ಸೇರುತ್ತವೆ. ಡಿ7000ದ 14 ಬಿಟ್ ರಾ ಕಡತದಲ್ಲಿ (ಸೆನ್ಸರಿನ ಸಂಸ್ಕರಿಸದ ಮಾಹಿತಿ) ಆ ನೆರಳಿನ ವಿವರವನ್ನು ಮೇಲೆತ್ತಲು ಸಾಕಷ್ಟು ಅವಕಾಶವಿದೆ, ಮತ್ತು ಅಲ್ಲಿನ ಕಂಬಗಳು ಓಡಿಹೋಗುವುದಿಲ್ಲವಾದ್ದರಿಂದ ಫೋಕಸಿನ ವೇಗ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೋನಾಳದಲ್ಲಿ ನಿಮಗಿರುವ ಕೊರತೆ ಕ್ಯಾಮೆರಾದ್ದಲ್ಲ, ಲೆನ್ಸಿನದು: 105 ಎಂ.ಎಂ.ನಲ್ಲಿ ದೂರದ ಹಕ್ಕಿ ಯಾವ ಕ್ಯಾಮೆರಾದಲ್ಲೂ ಚುಕ್ಕೆಯೇ. ವಿನಿಮಯಕ್ಕೆ ಸುರಿಯಲಿದ್ದ ಹಣದ ಒಂದು ಪಾಲಿನಲ್ಲಿ ಸುಸ್ಥಿತಿಯ ಸೆಕೆಂಡ್‌ಹ್ಯಾಂಡ್ ಎಎಫ್‌-ಎಸ್ 70–300 ವಿಆರ್ (ಕೈನಡುಕದ ಪರಿಣಾಮ ತಗ್ಗಿಸುವ) ಲೆನ್ಸನ್ನು ಕೊಳ್ಳಿ.

ಉಳಿಸಿಕೊಳ್ಳುವ ಮುನ್ನ ಎರಡು ಪರೀಕ್ಷೆ ಮಾಡಿ. ಸೆಟಪ್ ಮೆನುವಿನ ಬ್ಯಾಟರಿ ಮಾಹಿತಿಯಲ್ಲಿ ಬ್ಯಾಟರಿಯ ವಯಸ್ಸು 0ಯಿಂದ 4ರವರೆಗಿನ ಅಂಕೆಯಲ್ಲಿ ಕಾಣುತ್ತದೆ; 4 ಇದ್ದರೆ ಹೊಸತು ಕೊಳ್ಳಿ. ಶಟರ್ ಎಷ್ಟು ಬಾರಿ ಬಡಿದಿದೆ ಎಂಬ ಲೆಕ್ಕ ಪ್ರತಿ ಚಿತ್ರದ ಕಡತದಲ್ಲೇ ಸೇರಿರುವ ಎಕ್ಸಿಫ್ ಮಾಹಿತಿಯೊಳಗೆ ದಾಖಲಾಗಿರುತ್ತದೆ. ಈ ಶಟರನ್ನು ಕಂಪನಿ 1,50,000 ಬಾರಿಗೆ ಪರೀಕ್ಷಿಸಿದೆ. ಆದರೆ ಆ ಸಂಖ್ಯೆ ಮುಟ್ಟಿದ ದಿನವೇ ಅದು ನಿಂತುಬಿಡುತ್ತದೆ ಎಂದು ಭಾವಿಸಬೇಕಿಲ್ಲ.

ಮುಂದೊಂದು ದಿನ ಶಟರ್ ಕೈಕೊಟ್ಟು, ರಿಪೇರಿ ಖರ್ಚು ಇದೇ ಮಾದರಿಯ ಹಳೆಯ ಕ್ಯಾಮೆರಾದ ಬೆಲೆಯನ್ನು ಮೀರಿದರೆ ರಿಪೇರಿ ಮಾಡಿಸಬೇಡಿ. ಆಗ 2015ರ ಡಿ7200 ಮಾದರಿಯ ಸುಸ್ಥಿತಿಯ ಹಳೆಯ ಬಾಡಿಯೊಂದನ್ನು ಹುಡುಕಿ: ಅದರಲ್ಲೂ ಫೋಕಸ್ ಮೋಟಾರು ಇದೆ, ನಿಮ್ಮ ಬ್ಯಾಟರಿ, ಮೆಮೊರಿ ಕಾರ್ಡು, ಲೆನ್ಸು ಎಲ್ಲವೂ ಹಾಗೆಯೇ ಅದಕ್ಕೆ ಒಗ್ಗುತ್ತವೆ.